ಟೆಸ್ಟ್ ಸರಣಿಯ ಜೊತೆಗೊಂದು ದೊಡ್ಡ ಕಾದಂಬರಿ: ಎರಡನ್ನೂ ಬಿಡಲಾಗದವರಿಗೆ ಮಾರ್ಗದರ್ಶಿ

ಕಾದಂಬರಿ ಓದುವ ಹುಚ್ಚು ಮತ್ತು ಅಂತರರಾಷ್ಟ್ರೀಯ ಪಂದ್ಯ ನೋಡುವ ಹುಚ್ಚು ಒಬ್ಬರಲ್ಲೇ ಸೇರಿಕೊಂಡಾಗ ಸಾಮಾನ್ಯವಾಗಿ ಸೋಲುವುದು ಕಾದಂಬರಿಯೇ. ಪಂದ್ಯಕ್ಕೆ ಗೊತ್ತುಪಡಿಸಿದ ಹೊತ್ತಿದೆ, ಅದು ಯಾರಿಗಾಗಿಯೂ ಕಾಯುವುದಿಲ್ಲ. ಪುಸ್ತಕವಾದರೋ ನಾಳೆಯೂ ಅಲ್ಲೇ ಇರುತ್ತದೆ ಎಂಬ ಧೈರ್ಯದಿಂದ ಮೇಜಿನ ಮೇಲೆಯೇ ಉಳಿದುಬಿಡುತ್ತದೆ. ಹೀಗಾಗಿ ಜೂನ್‌ನಲ್ಲಿ ಕೈಗೆತ್ತಿಕೊಂಡ 600 ಪುಟಗಳ ಕಾದಂಬರಿ ಆಗಸ್ಟ್ ಬಂದರೂ 120ನೆಯ ಪುಟ ದಾಟಿರುವುದಿಲ್ಲ. ಇದಕ್ಕೆ ಪರಿಹಾರವೆಂದರೆ ಪಂದ್ಯ ನೋಡುವುದನ್ನು ಕಡಿಮೆ ಮಾಡುವುದಲ್ಲ, ಪಂದ್ಯದೊಳಗೇ ಇರುವ ಖಾಲಿ ಹೊತ್ತನ್ನು ಮೊದಲೇ ಗುರುತಿಸಿ ಅದನ್ನು ಕಾದಂಬರಿಗೆ ಮೀಸಲಿಡುವುದು. ಅಂಥ ಖಾಲಿ ಹೊತ್ತು ಧಾರಾಳವಾಗಿರುವ ಆಟವೆಂದರೆ ಟೆಸ್ಟ್ ಕ್ರಿಕೆಟ್. ಆದ್ದರಿಂದ ಈ ಲೇಖನ ಮುಖ್ಯವಾಗಿ ಟೆಸ್ಟ್ ಸರಣಿಯನ್ನೇ ಆಧಾರವಾಗಿಟ್ಟುಕೊಂಡಿದೆ. ಬೇರೆ ಆಟಗಳ ಮಾತು ನಡುವೆ ಸ್ವಲ್ಪ ಬರುತ್ತದೆ.

ಮೊದಲ ಹೆಜ್ಜೆ: ಹೊತ್ತಿನ ಪಟ್ಟಿ ಬರೆದಿಟ್ಟುಕೊಳ್ಳುವುದು

ಟೆಸ್ಟ್ ಪಂದ್ಯದ ಒಂದು ದಿನವೆಂದರೆ ಎರಡೆರಡು ಗಂಟೆಯ ಮೂರು ಅವಧಿಗಳು, ಮೊದಲ ಎರಡರ ನಡುವೆ 40 ನಿಮಿಷದ ಊಟದ ವಿರಾಮ, ಆಮೇಲೆ 20 ನಿಮಿಷದ ಚಹಾ ವಿರಾಮ. ಓವರುಗಳು ಬಾಕಿ ಉಳಿದರೆ ಕೊನೆಗೆ ಅರ್ಧ ಗಂಟೆಯವರೆಗೆ ಆಟ ಮುಂದುವರಿಯಬಹುದು. ಎಂದರೆ ದಿನಕ್ಕೆ ಒಂದು ಗಂಟೆ ಓದಿಗೆ ತಾನಾಗಿಯೇ ಸಿಗುತ್ತದೆ. ಆದರೆ ಆ ಒಂದು ಗಂಟೆ ನಮ್ಮ ಮನೆಯ ಗಡಿಯಾರದಲ್ಲಿ ಎಲ್ಲಿ ಬಂದು ಬೀಳುತ್ತದೆ ಎಂಬುದು ಪಂದ್ಯ ನಡೆಯುವ ದೇಶವನ್ನು ಅವಲಂಬಿಸಿದೆ. ಸರಣಿ ಆರಂಭವಾಗುವ ಮುನ್ನವೇ ಇದನ್ನು ಒಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ. ಅದೇ ಪುಟದ ಗುರುತಿಗೂ ಆಗುತ್ತದೆ.

ಭಾರತದಲ್ಲಿ ನಡೆಯುವ ಟೆಸ್ಟ್ ಸಾಮಾನ್ಯವಾಗಿ ಬೆಳಿಗ್ಗೆ 9.30ಕ್ಕೆ ಆರಂಭವಾಗುತ್ತದೆ, ಊಟದ ವಿರಾಮ 11.30ರಿಂದ 12.10ರವರೆಗೆ, ಚಹಾ ವಿರಾಮ 2.10ರಿಂದ 2.30ರವರೆಗೆ. ಇಲ್ಲೊಂದು ಅನುಕೂಲವಿದೆ. ಆಟಗಾರರು ಊಟಕ್ಕೆ ಕೂರುವ 11.30ಕ್ಕೆ ಕರ್ನಾಟಕದ ಬಹುತೇಕ ಮನೆಗಳಲ್ಲಿ ಇನ್ನೂ ಸಾರು ಕುದಿಯುತ್ತಿರುತ್ತದೆ, ಯಾರೂ ಊಟಕ್ಕೆ ಕರೆಯುವುದಿಲ್ಲ. ಆ 40 ನಿಮಿಷ ಪೂರ್ತಿ ಓದುಗರದೇ. ಈ ವೇಳಾಪಟ್ಟಿಯೂ ಎಲ್ಲ ಊರಿಗೂ ಒಂದೇ ಅಲ್ಲ ಎನ್ನುವುದನ್ನು ನೆನಪಿಡಬೇಕು. 2025ರ ನವೆಂಬರ್‌ನಲ್ಲಿ ಗುವಾಹಟಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ನಡೆದ ಟೆಸ್ಟ್, ಈಶಾನ್ಯದಲ್ಲಿ ಬೇಗ ಕತ್ತಲಾಗುವ ಕಾರಣಕ್ಕೆ 9 ಗಂಟೆಗೇ ಆರಂಭವಾಯಿತು, ಅಲ್ಲಿ ಮೊದಲು ಚಹಾ ವಿರಾಮ, ಆಮೇಲೆ ಊಟದ ವಿರಾಮ ಬಂತು.

ಇಂಗ್ಲೆಂಡಿನ ಟೆಸ್ಟ್ ನಮ್ಮ ಮಧ್ಯಾಹ್ನ 3.30ಕ್ಕೆ ಆರಂಭವಾಗುತ್ತದೆ. ಊಟದ ವಿರಾಮ ಸಂಜೆ 5.30ರಿಂದ 6.10, ಚಹಾ ವಿರಾಮ ರಾತ್ರಿ 8.10ರಿಂದ 8.30. ನೋಡುವವರಿಗೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ, ಓದುವವರಿಗೆ ಮಾತ್ರ ಇದು ಕಷ್ಟದ್ದು. 5.30 ಎಂದರೆ ಕಾಫಿಯ ಹೊತ್ತು, ದೀಪ ಹಚ್ಚುವ ಹೊತ್ತು, ಮಕ್ಕಳು ಶಾಲೆಯಿಂದ ಬಂದು ತಿಂಡಿ ಕೇಳುವ ಹೊತ್ತು. 8.10 ಎಂದರೆ ರಾತ್ರಿ ಊಟಕ್ಕೆ ತಟ್ಟೆ ಹಾಕುವ ಹೊತ್ತು. ಮನೆಯವರು ಇಷ್ಟು ಹೊತ್ತು ತಾಳಿಕೊಂಡು, ಆಟ ನಿಂತ ಕೂಡಲೇ ಕೆಲಸ ಹೇಳುವುದು ಸಹಜ, ನ್ಯಾಯವೂ ಹೌದು. ಇಂಗ್ಲೆಂಡ್ ಸರಣಿಯ ಲೆಕ್ಕ ಹಾಕುವಾಗ ದಿನಕ್ಕೆ ಒಂದು ಗಂಟೆಯೆಂದು ಹಿಡಿಯದೆ ಅರ್ಧ ಗಂಟೆಯೆಂದು ಹಿಡಿದರೆ ನಿರಾಸೆ ತಪ್ಪುತ್ತದೆ.

ಆಸ್ಟ್ರೇಲಿಯಾ ಒಂದೇ ದೇಶವಾದರೂ ಗಡಿಯಾರ ಒಂದೇ ಅಲ್ಲ. ಮೆಲ್ಬರ್ನ್ ಮತ್ತು ಸಿಡ್ನಿಯಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಅಲ್ಲಿನ ಟೆಸ್ಟ್ ನಮಗೆ ಬೆಳಗಿನ ಜಾವ 5ಕ್ಕೆ ಶುರುವಾಗುತ್ತದೆ. ಬ್ರಿಸ್ಬೇನ್‌ನಲ್ಲಿ ಹಾಗೆ ಮುಂದಿಡುವ ಪದ್ಧತಿಯಿಲ್ಲದ್ದರಿಂದ ಸುಮಾರು 5.30ರ ಮೇಲೆ, ಪಶ್ಚಿಮದ ಪರ್ತ್‌ನಲ್ಲಿ 7.50ರ ಸುಮಾರಿಗೆ, ಅಡಿಲೇಡ್‌ನ ಹಗಲು-ರಾತ್ರಿ ಪಂದ್ಯ 9.30ಕ್ಕೆ. ದಕ್ಷಿಣ ಆಫ್ರಿಕಾದ್ದು ಮಧ್ಯಾಹ್ನ 1.30 ಅಥವಾ 2 ಗಂಟೆಗೆ. ವೆಸ್ಟ್ ಇಂಡೀಸ್‌ನದ್ದು ರಾತ್ರಿ 7.30ಕ್ಕೆ ಆರಂಭವಾದರೆ ಊಟದ ವಿರಾಮ 9.30ಕ್ಕೆ ಬೀಳುತ್ತದೆ. ಆ ಹೊತ್ತಿಗೆ ನಮ್ಮ ಊಟ ಮುಗಿದು ಮನೆ ಸದ್ದಡಗಿರುತ್ತದೆ. 40 ನಿಮಿಷ ಓದಿ, ಎರಡನೆಯ ಅವಧಿಯಲ್ಲಿ ಒಂದಿಷ್ಟು ನೋಡಿ ಮಲಗಬಹುದು.

ನ್ಯೂಜಿಲೆಂಡ್ ಪ್ರವಾಸವೆಂದರೆ ಹಲವರು ಪಂದ್ಯ ನೋಡುವ ಆಸೆಯನ್ನೇ ಬಿಡುತ್ತಾರೆ, ಏಕೆಂದರೆ ಅಲ್ಲಿನ 11 ಗಂಟೆ ಬೇಸಿಗೆಯಲ್ಲಿ ನಮ್ಮ ನಡುರಾತ್ರಿ ಕಳೆದ 3.30. ಇದಕ್ಕೊಂದು ಸುಲಭದ ಉಪಾಯವಿದೆ. ಆರಂಭಕ್ಕೆ ಏಳಬೇಡಿ, ಊಟದ ವಿರಾಮಕ್ಕೆ ಏಳಿ. 5.30ಕ್ಕೆ ಎದ್ದು ಮುಖ ತೊಳೆದು, ಸ್ಕೋರ್ ನೋಡದೆ, ಕಾಫಿಯೊಂದಿಗೆ 6.10ರವರೆಗೆ ಓದಿ, ಆಮೇಲೆ ಟಿವಿ ಹಾಕಿದರೆ ಎರಡನೆಯ ಅವಧಿ ಪೂರ್ತಿ ಕೈಗೆ ಸಿಗುತ್ತದೆ. ಬೆಳಗಿನ ಆ 40 ನಿಮಿಷದಷ್ಟು ನಿಚ್ಚಳವಾದ ಓದು ಇಂಗ್ಲೆಂಡ್ ಸರಣಿಯ ಒಂದು ವಾರದಲ್ಲೂ ಸಿಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಹೆಜ್ಜೆ: ನಿಮ್ಮ ವೇಗ ತಿಳಿದು ಸರಣಿಯನ್ನು ಪುಟಗಳಿಗೆ ಬದಲಾಯಿಸುವುದು

ಒಬ್ಬೊಬ್ಬರ ಓದಿನ ವೇಗ ಒಂದೊಂದು. ಮೊದಲ ಟೆಸ್ಟ್‌ನ ಮೊದಲ ಊಟದ ವಿರಾಮದಲ್ಲಿ ಎಷ್ಟು ಪುಟ ಓದಿದಿರಿ ಎಂದು ನೋಡಿಕೊಳ್ಳಿ, ಅಷ್ಟೇ ಸಾಕು. ಗೊತ್ತಿರುವ ಕಥೆಯನ್ನು ಓದುವಾಗಿನ ವೇಗವನ್ನಾಗಲಿ, ಪತ್ತೇದಾರಿ ಕಾದಂಬರಿಯ ವೇಗವನ್ನಾಗಲಿ ಲೆಕ್ಕಕ್ಕೆ ಹಿಡಿಯಬಾರದು; ಮಲೆನಾಡಿನ ಅಥವಾ ಉತ್ತರ ಕರ್ನಾಟಕದ ಆಡುಮಾತು ತುಂಬಿರುವ ಕಾದಂಬರಿಯಲ್ಲಿ ಬೇರೆ ಸೀಮೆಯ ಓದುಗರ ವೇಗ ಮೊದಲ 50 ಪುಟಗಳವರೆಗೆ ತಗ್ಗಿಯೇ ಇರುತ್ತದೆ.

ಉದಾಹರಣೆಗೆ 2025ರ ಇಂಗ್ಲೆಂಡ್ ಪ್ರವಾಸವನ್ನೇ ತೆಗೆದುಕೊಳ್ಳೋಣ. ಲೀಡ್ಸ್‌ನಲ್ಲಿ ಜೂನ್ 20ರಿಂದ 24, ಬರ್ಮಿಂಗ್‌ಹ್ಯಾಮ್‌ನಲ್ಲಿ ಜುಲೈ 2ರಿಂದ 6, ಲಾರ್ಡ್ಸ್‌ನಲ್ಲಿ ಜುಲೈ 10ರಿಂದ 14, ಮ್ಯಾಂಚೆಸ್ಟರ್‌ನಲ್ಲಿ ಜುಲೈ 23ರಿಂದ 27, ಓವಲ್‌ನಲ್ಲಿ ಜುಲೈ 31ರಿಂದ ಆಗಸ್ಟ್ 4. ಐದೂ ಪಂದ್ಯಗಳು ಐದನೆಯ ದಿನದವರೆಗೆ ನಡೆದದ್ದು ಅಪರೂಪ. ಹೀಗೆ ಆಟದ ದಿನಗಳು 25, ಪಂದ್ಯಗಳ ನಡುವಿನ ಬಿಡುವಿನ ದಿನಗಳು ಕ್ರಮವಾಗಿ 7, 3, 8 ಮತ್ತು 3, ಒಟ್ಟು 21. ಆಟದ ದಿನಕ್ಕೆ ಅರ್ಧ ಗಂಟೆ, ಬಿಡುವಿನ ದಿನಕ್ಕೆ ಒಂದು ಗಂಟೆ ಎಂದರೂ 33 ಗಂಟೆಗೂ ಹೆಚ್ಚು ಹೊತ್ತಾಯಿತು. ಗಂಟೆಗೆ 20 ಪುಟ ಓದುವವರು ಆ ಸರಣಿಯ ಹೊತ್ತಿನಲ್ಲಿ ಒಂದು ಚೆಂಡನ್ನೂ ಬಿಡದೆ 650 ಪುಟಗಳ ಕಾದಂಬರಿಯನ್ನು ಓದಿ ಮುಗಿಸಬಹುದಿತ್ತು.

ಈ ಲೆಕ್ಕದಲ್ಲಿ ಕಣ್ಣಿಗೆ ಬೀಳಬೇಕಾದದ್ದು ಬಿಡುವಿನ ದಿನಗಳು. ಪಂದ್ಯವಿಲ್ಲದ ಸಂಜೆ ನಾವು ಹಳೆಯ ಪಂದ್ಯದ ಮುಖ್ಯಾಂಶ, ತಂಡದ ಆಯ್ಕೆಯ ಚರ್ಚೆ, ಮಾಜಿ ಆಟಗಾರರ ಸಂದರ್ಶನ ಎಂದು ಅದೇ ಹೊತ್ತನ್ನು ಮತ್ತೆ ಕ್ರಿಕೆಟ್ಟಿಗೇ ಕೊಡುತ್ತೇವೆ. ಪಂದ್ಯ ನೋಡುವುದನ್ನು ಬಿಡಬೇಕಾಗಿಲ್ಲ, ಪಂದ್ಯದ ಬಗ್ಗೆ ಇನ್ನೊಬ್ಬರು ಆಡುವ ಮಾತನ್ನು ಕೇಳುವುದನ್ನು ಬಿಟ್ಟರೂ ಕಾದಂಬರಿಗೆ ಸಾಕಷ್ಟು ಜಾಗವಾಗುತ್ತದೆ.

ಮೂರನೆಯ ಹೆಜ್ಜೆ: ಸರಣಿಗೆ ತಕ್ಕ ಕಾದಂಬರಿಯ ಆಯ್ಕೆ

ಎಲ್ಲ ಕಾದಂಬರಿಗಳೂ ವಿರಾಮದ ಓದಿಗೆ ಒಗ್ಗುವುದಿಲ್ಲ. ದಿನಕ್ಕೆ ಎರಡು ತುಣುಕಾಗಿ ಓದುವಾಗ ಒಳ್ಳೆಯದೆನಿಸುವುದು ಹಲವು ಎಳೆಗಳು ಸಮಾನಾಂತರವಾಗಿ ಸಾಗುವ, ಅಧ್ಯಾಯಗಳು ಚಿಕ್ಕದಾಗಿರುವ ದೊಡ್ಡ ಕಾದಂಬರಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಐದು ಪಂದ್ಯಗಳ ಸರಣಿಗೆ ಹೇಳಿ ಮಾಡಿಸಿದಂತಿದೆ: ಗುತ್ತಿ-ತಿಮ್ಮಿ, ಐತ-ಪೀಂಚಲು, ಮುಕುಂದಯ್ಯ-ಚಿನ್ನಮ್ಮ ಹೀಗೆ ಒಂದು ಎಳೆ ನಿಂತಲ್ಲಿ ಇನ್ನೊಂದು ಎದ್ದು ನಡೆಯುತ್ತದೆ, ಎಲ್ಲಿ ನಿಲ್ಲಿಸಿದರೂ ಮತ್ತೆ ಹಿಡಿಯಲು ಒಂದು ತುದಿ ಸಿಗುತ್ತದೆ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಮೂರು ತಲೆಮಾರಿನ ಕಥೆಯಾದ್ದರಿಂದ ಮೂರು ಪಂದ್ಯಗಳ ಸರಣಿಗೆ ಹೊಂದುತ್ತದೆ. ಪಂದ್ಯಕ್ಕೊಂದು ತಲೆಮಾರು ಎಂದು ಹಂಚಿಕೊಂಡರೆ ನಡುವಿನ ಬಿಡುವು ಕಥೆಯ ಕಾಲದ ಜಿಗಿತದೊಂದಿಗೆ ತಾನಾಗಿಯೇ ಕೂಡಿಕೊಳ್ಳುತ್ತದೆ.

ಎಸ್.ಎಲ್. ಭೈರಪ್ಪನವರ ‘ಪರ್ವ’ದಂಥ (1979) ಕೃತಿಯ ವಿಷಯ ಬೇರೆ. ಅಲ್ಲಿ ಪಾತ್ರವೊಂದರ ನೆನಪಿನೊಳಗೆ ಇಳಿದರೆ ಬಹಳ ಹೊತ್ತು ಅಲ್ಲೇ ಇರಬೇಕಾಗುತ್ತದೆ, 20 ನಿಮಿಷದಲ್ಲಿ ಒಳಹೋಗಿ ಹೊರಬರಲು ಆಗುವುದಿಲ್ಲ. ಅಂಥದ್ದನ್ನು ಆರಿಸಿಕೊಂಡರೆ ಆಟದ ದಿನಗಳಲ್ಲಿ ಊಟದ ವಿರಾಮದಲ್ಲಿ ಮಾತ್ರ ಓದಿ, ಹೆಚ್ಚಿನ ಭಾಗವನ್ನು ಏಳೆಂಟು ದಿನದ ಬಿಡುವಿಗೆ ಇಟ್ಟುಕೊಳ್ಳಬೇಕು. ಎರಡು ಪಂದ್ಯಗಳ ಚಿಕ್ಕ ಸರಣಿಗೆ ತೇಜಸ್ವಿಯವರ ‘ಕರ್ವಾಲೊ’ದಷ್ಟು ಗಾತ್ರದ ಪುಸ್ತಕ ಸಾಕು, ಆದರೆ ಅದನ್ನು ಮೊದಲ ಪಂದ್ಯದಲ್ಲೇ ಮುಗಿಸದೆ ಇರುವುದು ಕಷ್ಟ. ಜೊತೆಗೆ ಇನ್ನೊಂದು ಪುಸ್ತಕ ಇರಲಿ.

ಪುಸ್ತಕ ಗ್ರಂಥಾಲಯದ್ದಾದರೆ ಹಿಂದಿರುಗಿಸುವ ದಿನಾಂಕವನ್ನೂ ನೋಡಿಕೊಳ್ಳಬೇಕು; 46 ದಿನಗಳ ಸರಣಿಗೆ ಎರಡು ವಾರದ ಅವಧಿ ಸಾಲದು, ನವೀಕರಣಕ್ಕೆ ಹೋಗಬೇಕಾದ ದಿನ ಬಿಡುವಿನ ದಿನವೇ ಆಗುವಂತೆ ಪುಸ್ತಕ ತರುವುದು ಜಾಣತನ. ಕೊಳ್ಳುವವರಿಗೆ ನವೆಂಬರ್ ಒಳ್ಳೆಯ ತಿಂಗಳು. ರಾಜ್ಯೋತ್ಸವದ ನೆಪದಲ್ಲಿ ಹಲವು ಪ್ರಕಾಶಕರು ರಿಯಾಯಿತಿ ಕೊಡುತ್ತಾರೆ, ಆಸ್ಟ್ರೇಲಿಯಾದ ಬೇಸಿಗೆಯ ಸರಣಿಯೂ ಸಾಮಾನ್ಯವಾಗಿ ಆ ತಿಂಗಳಲ್ಲೇ ಶುರುವಾಗುತ್ತದೆ.

ಇನ್ನೊಂದು ಎಚ್ಚರಿಕೆ. ಕನ್ನಡದಲ್ಲಿ ಹೆಸರಾದ ಕಾದಂಬರಿಗಳ ಮುನ್ನುಡಿಗಳು ಬಹಳ ಸಲ ಇಡೀ ಕಥೆಯನ್ನು ಹೇಳಿಬಿಡುತ್ತವೆ, ಯಾರು ಸಾಯುತ್ತಾರೆ ಎಂಬುದನ್ನೂ ಬಿಡುವುದಿಲ್ಲ. ಸ್ಕೋರ್ ಗೊತ್ತಾಗಬಾರದೆಂದು ಫೋನ್ ಮುಚ್ಚಿಡುವವರು ಮುನ್ನುಡಿಯನ್ನು ಮಾತ್ರ ಭಕ್ತಿಯಿಂದ ಮೊದಲೇ ಓದುವುದು ವಿಚಿತ್ರ. ಮುನ್ನುಡಿಯ ಪುಟಗಳಿಗೆ ಒಂದು ಕ್ಲಿಪ್ ಹಾಕಿ, ಕಾದಂಬರಿ ಮುಗಿದ ಮೇಲೆ ತೆಗೆಯಿರಿ. ಆಗ ವಿಮರ್ಶಕರೊಂದಿಗೆ ವಾದ ಮಾಡಲೂ ನಿಮ್ಮಲ್ಲಿ ಸರಕಿರುತ್ತದೆ.

ನಾಲ್ಕನೆಯ ಹೆಜ್ಜೆ: ಕುರ್ಚಿ, ಬೆಳಕು, ಸದ್ದು

ಆಟ ನಡೆಯುತ್ತಿರುವಾಗಲೇ ಚೆಂಡು ಚೆಂಡಿನ ನಡುವೆ ಓದುತ್ತೇನೆ ಎನ್ನುವವರಿದ್ದಾರೆ. ದಿನಕ್ಕೆ 90 ಓವರ್, ಆರು ಗಂಟೆ ಎಂದರೆ ಒಂದು ಓವರಿಗೆ ನಾಲ್ಕು ನಿಮಿಷ. ಎರಡು ಎಸೆತಗಳ ನಡುವೆ ಸಿಗುವುದು ಅರ್ಧ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟರಲ್ಲಿ ಒಂದು ವಾಕ್ಯ ಓದಬಹುದು, ಒಂದು ಪಾತ್ರದ ಮನಸ್ಸನ್ನು ಹೊಗಲಾಗುವುದಿಲ್ಲ. ಒಂದೇ ಸಾಲನ್ನು ನಾಲ್ಕು ಸಲ ಓದಿ, ವಿಕೆಟ್ ಬಿದ್ದದ್ದನ್ನು ಮರುಪ್ರಸಾರದಲ್ಲಿ ಮಾತ್ರ ನೋಡಿ, ಎರಡನ್ನೂ ಅರ್ಧ ಮಾಡಿಕೊಳ್ಳುವುದಕ್ಕಿಂತ ಆಟದ ಹೊತ್ತಿನಲ್ಲಿ ಪುಸ್ತಕವನ್ನು ಮುಚ್ಚಿಡುವುದೇ ಸರಿ. ಡ್ರಾ ಖಚಿತವಾಗಿ ಕೊನೆಯ ಅವಧಿ ಸುಮ್ಮನೆ ಸಾಗುತ್ತಿರುವ ದಿನ ಮಾತ್ರ ಇದಕ್ಕೆ ವಿನಾಯಿತಿ ಕೊಡುತ್ತೇನೆ.

ವಿರಾಮ ಬಂದ ಕೂಡಲೇ ಟಿವಿಯ ಸದ್ದನ್ನು ಪೂರ್ತಿ ಇಳಿಸಬೇಕು. ಕನ್ನಡ ಕಾದಂಬರಿ ಓದುವಾಗ ಹಿಂದೆ ಕನ್ನಡದ ವೀಕ್ಷಕ ವಿವರಣೆಯೋ ಸ್ಟುಡಿಯೋ ಚರ್ಚೆಯೋ ನಡೆಯುತ್ತಿದ್ದರೆ ಮಾತಿಗೆ ಮಾತು ಅಡ್ಡ ಬರುತ್ತದೆ. ಅರ್ಥವಾಗದ ಭಾಷೆಯ ಮಾತನ್ನು ಕಿವಿ ಬಿಟ್ಟುಬಿಡುತ್ತದೆ, ತನ್ನ ಭಾಷೆಯದನ್ನು ಬಿಡುವುದಿಲ್ಲ. ಪರದೆಯನ್ನು ಆರಿಸಬೇಕಾಗಿಲ್ಲ, ಆಟ ಮತ್ತೆ ಶುರುವಾದದ್ದು ತಿಳಿಯಬೇಕಲ್ಲ. ಅದಕ್ಕೆ ಓದುವ ಕುರ್ಚಿಯನ್ನು ಟಿವಿಗೆ ಎದುರಾಗಿ ಇಡದೆ ಅಡ್ಡಲಾಗಿ, ಕಿಟಕಿಯ ಕಡೆಗೆ ಮುಖವಾಗುವಂತೆ ಇಡಿ. ಕತ್ತು ತಿರುಗಿಸಿದರೆ ಮಾತ್ರ ಪರದೆ ಕಾಣುವಂತಿದ್ದರೆ ಜಾಹೀರಾತಿನ ಬಣ್ಣಗಳು ಕಣ್ಣಂಚಿನಲ್ಲಿ ಕುಣಿಯುವುದಿಲ್ಲ. ಇಂಗ್ಲೆಂಡ್ ಮತ್ತು ವೆಸ್ಟ್ ಇಂಡೀಸ್ ಸರಣಿಗಳಲ್ಲಿ ಓದು ಬೀಳುವುದು ಸಂಜೆ, ರಾತ್ರಿಯಾದ್ದರಿಂದ ಹೆಗಲ ಹಿಂದಿನಿಂದ ಪುಟದ ಮೇಲೆ ಬೀಳುವ ಒಂದು ದೀಪ ಬೇಕೇ ಬೇಕು. ಹೊಳೆಯುವ ಪರದೆಯಿಂದ ಮಬ್ಬು ಪುಟಕ್ಕೆ ಕಣ್ಣು ಹೊರಳಿಸುತ್ತ ಐದು ದಿನ ಕಳೆದರೆ ಆರನೆಯ ದಿನ ಓದುವ ಮನಸ್ಸೇ ಇರುವುದಿಲ್ಲ.

ಫೋನ್‌ನಲ್ಲಿ ಕಾದಂಬರಿ ಓದುವ ಅಭ್ಯಾಸ ಇರುವವರು ಆಟದ ದಿನಗಳ ಮಟ್ಟಿಗಾದರೂ ಅಚ್ಚಾದ ಪುಸ್ತಕಕ್ಕೆ ಮರಳುವುದು ಒಳ್ಳೆಯದು. ಸ್ಕೋರ್ ತೋರಿಸುವ ಪರದೆಯಲ್ಲೇ ಕಥೆಯೂ ಇದ್ದರೆ ಎರಡು ಪುಟಕ್ಕೊಮ್ಮೆ ಬೆರಳು ಬೇರೆ ಕಡೆಗೆ ಹೋಗುತ್ತದೆ.

ಐದನೆಯ ಹೆಜ್ಜೆ: ವಿರಾಮದೊಳಗೆ ಓದುವ ಕ್ರಮ

40 ನಿಮಿಷದ ಮೊದಲ ಐದು ನಿಮಿಷ ಮನಸ್ಸು ಇನ್ನೂ ಮೈದಾನದಲ್ಲೇ ಇರುತ್ತದೆ. ಆ ಹೊತ್ತನ್ನು ನೀರು ಕುಡಿಯಲು, ಕಾಲು ಚಾಚಲು, ಕಳೆದ ಸಲ ಓದಿದ ಕೊನೆಯ ಪುಟವನ್ನು ಮತ್ತೊಮ್ಮೆ ಓದಲು ಬಳಸಿ. ಕೊನೆಯ ಐದು ನಿಮಿಷವನ್ನೂ ಬಿಟ್ಟುಕೊಡಿ. ಅಂಪೈರುಗಳು ಮೈದಾನಕ್ಕೆ ಇಳಿಯುವುದು ಕಂಡಾಗ ವಾಕ್ಯದ ನಡುವೆ ನಿಲ್ಲಿಸದೆ ಒಂದು ದೃಶ್ಯವೋ ಸಂಭಾಷಣೆಯೋ ಮುಗಿಯುವಲ್ಲಿ ನಿಲ್ಲಿಸಿ, ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದು ಸಾಲು ಬರೆಯಿರಿ: ‘ಗುತ್ತಿ ಹಾದಿಯಲ್ಲಿದ್ದಾನೆ, ಹುಲಿಯ ಎಂಬ ಅವನ ನಾಯಿ ಜೊತೆಗಿದೆ.’ ಇಷ್ಟು ಸಾಕು. ಎರಡು ಗಂಟೆಯ ಬ್ಯಾಟಿಂಗ್ ಕುಸಿತದ ನಂತರವೂ ಆ ಒಂದು ಸಾಲು ನಿಮ್ಮನ್ನು ಕಥೆಯೊಳಗೆ ಇಳಿಸುತ್ತದೆ. ಗ್ರಂಥಾಲಯದ ಪುಸ್ತಕವಾದರೆ ಅಂಚಿನಲ್ಲಿ ಬೇಡ, ಹೊತ್ತಿನ ಪಟ್ಟಿಯ ಚೀಟಿಯ ಹಿಂಬದಿಯಲ್ಲಿ ಬರೆಯಿರಿ.

ಅದೇ ಚೀಟಿಯಲ್ಲಿ ಪಾತ್ರಗಳ ಹೆಸರು, ಮನೆತನ, ಊರು ಬರೆದುಕೊಳ್ಳುವುದು ದೊಡ್ಡ ಕಾದಂಬರಿಗೆ ಬಹಳ ಸಹಾಯಕ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಸಿಂಬಾವಿ, ಹೂವಳ್ಳಿ, ಬೆಟ್ಟಳ್ಳಿ, ಕೋಣೂರು ಎಂದು ಮನೆಗಳ ಮೇಲೆ ಮನೆ ಬರುವಾಗ ಯಾರು ಎಲ್ಲಿಯವರು ಎಂಬುದು ಏಳು ದಿನದ ಬಿಡುವಿನಲ್ಲಿ ಮರೆತುಹೋಗುತ್ತದೆ. ಎದುರಾಳಿ ತಂಡದ ಹನ್ನೊಂದು ಮಂದಿಯ ಬ್ಯಾಟಿಂಗ್ ಕ್ರಮ ನೆನಪಿಟ್ಟುಕೊಳ್ಳುವ ನಮಗೆ ಇದೇನೂ ಹೊಸ ಶ್ರಮವಲ್ಲ.

ಚಹಾ ವಿರಾಮದ 20 ನಿಮಿಷವನ್ನು ಹೊಸ ಅಧ್ಯಾಯಕ್ಕೆ ಬಳಸಬೇಡಿ. ಬೆಳಿಗ್ಗೆ ಓದಿದ್ದರಲ್ಲಿ ಸರಿಯಾಗಿ ದಕ್ಕದೇ ಉಳಿದ ಭಾಗವೊಂದನ್ನು ಮತ್ತೆ ಓದಲು ಅದು ಸರಿಯಾದ ಅಳತೆ.

ಕೆಲವು ವಿರಾಮಗಳಲ್ಲಿ ಓದಲು ಕೂರಲೇಬಾರದು. 2025ರ ಜುಲೈ 12, ಲಾರ್ಡ್ಸ್ ಟೆಸ್ಟ್‌ನ ಮೂರನೆಯ ದಿನ. ಊಟದ ವಿರಾಮ ಇನ್ನೇನು ಬಂತು ಎನ್ನುವಾಗ, ಜೊತೆಗಾರ ಕೆ.ಎಲ್. ರಾಹುಲ್ ಶತಕ ಮುಟ್ಟಲೆಂದು ಅವರಿಗೆ ಬ್ಯಾಟಿಂಗ್ ತುದಿ ಕೊಡುವ ಆತುರದಲ್ಲಿ ರಿಷಭ್ ಪಂತ್ 74 ರನ್‌ಗೆ ರನೌಟ್ ಆದರು. ರಾಹುಲ್ 98ರಲ್ಲಿ ವಿರಾಮಕ್ಕೆ ಹೋದರು. ಮಂಗಳೂರಿನಲ್ಲಿ ಆಡಿ ಬೆಳೆದ ಬ್ಯಾಟರ್ ಲಾರ್ಡ್ಸ್‌ನಲ್ಲಿ ಎರಡು ರನ್ ಬಾಕಿ ಇಟ್ಟುಕೊಂಡು 40 ನಿಮಿಷ ಕಾಯುತ್ತಿರುವಾಗ ಕಾದಂಬರಿಯ ಯಾವ ಪಾತ್ರವೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ವಿರಾಮದ ನಂತರ ಅವರು 100 ಮುಟ್ಟಿದರು, ಅದೇ ಮೊತ್ತಕ್ಕೆ ಔಟ್ ಕೂಡ ಆದರು. ಅಂಥ ದಿನ ಕಾಫಿ ಮಾಡಿ, ತರಕಾರಿ ಹೆಚ್ಚಿ, ಬಾಕಿ ಇರುವ ಫೋನ್ ಕರೆ ಮುಗಿಸಿ. ಮನೆಗೆಲಸದ ಪಾಲನ್ನು ಆ ವಿರಾಮದಲ್ಲೇ ತೀರಿಸಿದರೆ ಮರುದಿನದ ವಿರಾಮ ಓದಿಗೆ ಉಳಿಯುತ್ತದೆ.

ಮಳೆ ಬಂದಾಗ

ಇಂಗ್ಲೆಂಡಿನ ಮಳೆ ಓದುಗರ ಪಾಲಿನ ಬೋನಸ್, ಆದರೆ ಅದನ್ನು ಬಳಸಿಕೊಳ್ಳಲು ಗೊತ್ತಿರಬೇಕು. ಮಳೆ ಶುರುವಾದ ಕೂಡಲೇ ಪುಸ್ತಕ ತೆರೆಯಿರಿ. ಮೋಡ ನೋಡುತ್ತ ಕೂರಬೇಡಿ. ಮಳೆ ನಿಂತರೂ ಆಟ ಕೂಡಲೇ ಶುರುವಾಗುವುದಿಲ್ಲ: ಹೊದಿಕೆ ತೆಗೆಯಬೇಕು, ನೀರು ಹೀರಬೇಕು, ಅಂಪೈರುಗಳು ಬಂದು ನೆಲ ಒತ್ತಿ ನೋಡಬೇಕು. ಪರಿಶೀಲನೆಯ ಹೊತ್ತು ಪರದೆಯ ಮೇಲೆ ಬಂದರೆ ಅಲ್ಲಿಯವರೆಗೆ ತಲೆಯೆತ್ತುವ ಅಗತ್ಯವಿಲ್ಲ. ಊಟದ ವಿರಾಮಕ್ಕೆ ಸ್ವಲ್ಪ ಮುಂಚೆ ಮಳೆ ಬಂದರೆ ವಿರಾಮವನ್ನೇ ಮೊದಲು ತೆಗೆದುಕೊಳ್ಳುವುದುಂಟು, ಆಗ ನಿಮ್ಮ ಚೀಟಿಯ ಹೊತ್ತು ಬದಲಾಗುತ್ತದೆ. ಮಂದ ಬೆಳಕಿನಿಂದ ಆಟ ನಿಂತದ್ದು ಬಹಳ ಸಲ ಆ ದಿನಕ್ಕೆ ಮುಗಿದಂತೆಯೇ. ಆ ರಾತ್ರಿ ದೀರ್ಘ ಓದಿಗೆ ಕೂರಬಹುದು.

ಬೇರೆ ಆಟಗಳ ಅಭಿಮಾನಿಗಳಿಗೆ

ಫುಟ್‌ಬಾಲ್‌ನಲ್ಲಿ 45 ನಿಮಿಷದ ಎರಡು ಅವಧಿಗಳ ನಡುವೆ 15 ನಿಮಿಷ ಸಿಗುತ್ತದೆ, ಅದರಲ್ಲಿ ಕಾದಂಬರಿ ಓದುವುದು ವ್ಯರ್ಥ ಸಾಹಸ. ವಿಶ್ವಕಪ್‌ನಲ್ಲಿ ಓದಿಗೆ ಜಾಗ ಬೇಕೆಂದರೆ ಪಂದ್ಯಗಳನ್ನೇ ಆರಿಸಿಕೊಳ್ಳಬೇಕು. ಅಮೆರಿಕ, ಕೆನಡಾ, ಮೆಕ್ಸಿಕೊಗಳಲ್ಲಿ 2026ರ ಜೂನ್ 11ರಿಂದ ಜುಲೈ 19ರವರೆಗೆ ನಿಗದಿಯಾದ ವಿಶ್ವಕಪ್‌ಗೆ 48 ತಂಡಗಳು, 104 ಪಂದ್ಯಗಳು. ಅವುಗಳಲ್ಲಿ ಹೆಚ್ಚಿನವು ನಮಗೆ ನಡುರಾತ್ರಿಯಿಂದ ಬೆಳಗಿನವರೆಗಿನ ಹೊತ್ತಿನವು. ಗುಂಪು ಹಂತದಲ್ಲಿ ನಿಮ್ಮ ಎರಡು ತಂಡಗಳನ್ನು ಮಾತ್ರ ಹಿಡಿದುಕೊಂಡು, ಉಳಿದ ರಾತ್ರಿಗಳನ್ನು ಪುಸ್ತಕಕ್ಕೂ ನಿದ್ದೆಗೂ ಹಂಚಿ. ಹಾಕಿಯಲ್ಲಿ 15 ನಿಮಿಷದ ನಾಲ್ಕು ಭಾಗಗಳು, ನಡುವೆ ಉಸಿರಾಡುವಷ್ಟೇ ಬಿಡುವು. ಒಂದೂವರೆ ಗಂಟೆಯಲ್ಲಿ ಎಲ್ಲ ಮುಗಿಯುವುದರಿಂದ ಓದನ್ನು ಪಂದ್ಯದ ನಂತರಕ್ಕೆ ಇಟ್ಟುಕೊಳ್ಳುವುದೇ ಸುಲಭ. ಟೆನಿಸ್‌ನಲ್ಲಿ ಅಂಕಣದ ಬದಿ ಬದಲಿಸುವಾಗಿನ ಬಿಡುವು 90 ಸೆಕೆಂಡ್, ಸೆಟ್ ಮುಗಿದಾಗ 120 ಸೆಕೆಂಡ್. ಗ್ರ್ಯಾಂಡ್‌ಸ್ಲಾಮ್‌ನ ಮೊದಲ ವಾರದಲ್ಲಿ ಇಷ್ಟದ ಆಟಗಾರರ ಎರಡು ಪಂದ್ಯಗಳ ನಡುವೆ ಗಂಟೆಗಟ್ಟಲೆ ಸಮಯ ಉಳಿಯುತ್ತದೆ, ಓದಿಗೆ ಅದೇ ಸರಿ.

ಚೆಸ್ ಮಾತ್ರ ಟೆಸ್ಟ್ ಕ್ರಿಕೆಟ್ಟನ್ನೂ ಮೀರಿಸುತ್ತದೆ. 2024ರ ಕೊನೆಯಲ್ಲಿ ಸಿಂಗಪುರದಲ್ಲಿ ಡಿಂಗ್ ಲಿರೆನ್ ವಿರುದ್ಧ ಡಿ. ಗುಕೇಶ್ ವಿಶ್ವ ಚಾಂಪಿಯನ್ ಆದ ಪಂದ್ಯದಲ್ಲಿ ಮೊದಲ 40 ನಡೆಗಳಿಗೆ ಒಬ್ಬೊಬ್ಬರಿಗೆ ಎರಡೆರಡು ಗಂಟೆಯಿತ್ತು. ಒಬ್ಬ ಆಟಗಾರ ಒಂದೇ ನಡೆಗೆ ಅರ್ಧ ಗಂಟೆ ಯೋಚಿಸುತ್ತ ಕುಳಿತರೆ ಓದುಗರಿಗೆ ಒಂದು ಅಧ್ಯಾಯ ಸಿಕ್ಕಿತು. ಕಾಯಿ ಸರಿದದ್ದು ಕಂಡಾಗ ತಲೆಯೆತ್ತಿದರೆ ಸಾಕು.

ಫಲಿತಾಂಶದ ಗುಟ್ಟು ಕಾಯುವುದು

ಕೆಲಸದ ದಿನಗಳಲ್ಲಿ ಪಂದ್ಯವನ್ನು ತಡವಾಗಿ ನೋಡಬೇಕಾದವರು ಸ್ಕೋರ್ ಆ್ಯಪ್‌ನ ಸೂಚನೆಗಳನ್ನು ನಿಲ್ಲಿಸುತ್ತಾರೆ, ಆದರೆ ಗುಟ್ಟು ಒಡೆಯುವುದು ಹೆಚ್ಚಾಗಿ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಭಾವನೋ ಚಿಕ್ಕಪ್ಪನೋ ಕಳಿಸುವ ಒಂದು ಚಪ್ಪಾಳೆಯ ಚಿತ್ರ ಸಾಕು, ಉಳಿದದ್ದೆಲ್ಲ ಗೊತ್ತಾಗಿಬಿಡುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಫೋನ್ ಬದಲು ಪುಸ್ತಕ ತೆರೆಯುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಡ. ಮುಖ್ಯಾಂಶ ಹುಡುಕುವಾಗ ಶೀರ್ಷಿಕೆಯಲ್ಲೇ ಫಲಿತಾಂಶ ಇರುತ್ತದೆ. ಮನೆಯಲ್ಲಿ ಕ್ರಿಕೆಟ್ ಆಸಕ್ತಿ ಇಲ್ಲದವರ ಕೈಯಲ್ಲಿ ವಿಡಿಯೊ ಹುಡುಕಿಸಿ ಹಾಕಿಸಿಕೊಳ್ಳುವುದು ಕ್ಷೇಮ.

ಹೊರನಾಡಿನಲ್ಲಿರುವವರ ಪಟ್ಟಿ

ಕರ್ನಾಟಕದಿಂದ ದೂರವಿರುವ ಕನ್ನಡಿಗರು ಮೇಲಿನ ಹೊತ್ತುಗಳನ್ನು ಹೊಸದಾಗಿ ಬರೆದುಕೊಳ್ಳಬೇಕು. ಭಾರತದಲ್ಲಿ ಬೆಳಿಗ್ಗೆ 9.30ಕ್ಕೆ ಶುರುವಾಗುವ ಟೆಸ್ಟ್ ದುಬೈನಲ್ಲಿ 8ಕ್ಕೆ, ಚಳಿಗಾಲದ ಲಂಡನ್‌ನಲ್ಲಿ ನಸುಕಿನ 4ಕ್ಕೆ, ಬೇಸಿಗೆಯ ಮೆಲ್ಬರ್ನ್‌ನಲ್ಲಿ ಮಧ್ಯಾಹ್ನ 3ಕ್ಕೆ, ಚಳಿಗಾಲದ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ರಾತ್ರಿ 8ಕ್ಕೆ ಕಾಣುತ್ತದೆ. ಈ ಪೈಕಿ ಅದೃಷ್ಟವಂತರು ಕ್ಯಾಲಿಫೋರ್ನಿಯಾದವರು. ಅವರ ಊಟದ ವಿರಾಮ ರಾತ್ರಿ 10ರಿಂದ 10.40ರವರೆಗೆ, ಮಕ್ಕಳು ಮಲಗಿದ ಮೇಲೆ. ಇಂಗ್ಲೆಂಡಿನ ಟೆಸ್ಟ್ ನ್ಯೂಜೆರ್ಸಿಯವರಿಗೆ ಬೆಳಿಗ್ಗೆ 6ಕ್ಕೆ ಆರಂಭವಾಗಿ 8ಕ್ಕೆ ಊಟದ ವಿರಾಮ ಬರುವುದರಿಂದ, ಕೆಲಸಕ್ಕೆ ಹೊರಡುವ ರೈಲಿನಲ್ಲಿ ಆ 40 ನಿಮಿಷ ಓದಬಹುದು. ವಾರಾಂತ್ಯಕ್ಕೆ ಇದು ಅನ್ವಯಿಸುವುದಿಲ್ಲ. ಗಡಿಯಾರ ಮುಂದಿಡುವ, ಹಿಂದಿಡುವ ಭಾನುವಾರಗಳು ಸರಣಿಯ ನಡುವೆ ಬಂದರೆ ಪಟ್ಟಿ ಒಂದು ಗಂಟೆ ತಪ್ಪುತ್ತದೆ, ಆ ಭಾನುವಾರವನ್ನು ಚೀಟಿಯಲ್ಲಿ ಗುರುತು ಹಾಕಿರಿ.

ಕೊನೆಯ ಹೆಜ್ಜೆ: ಐದನೆಯ ದಿನದ ಯೋಜನೆ

ಸರಣಿಯ ಕೊನೆಯ ದಿನಕ್ಕೆ ಕಾದಂಬರಿಯ ಕೊನೆಯ ಅಧ್ಯಾಯವನ್ನು ಉಳಿಸಿಕೊಳ್ಳುವ ಆಸೆ ಹಲವರಿಗಿರುತ್ತದೆ. ಅದು ಬೇಡ. ಓವಲ್‌ನಲ್ಲಿ 2025ರ ಆಗಸ್ಟ್ 4ರಂದು ಇಂಗ್ಲೆಂಡಿಗೆ ಬೇಕಿದ್ದದ್ದು 35 ರನ್, ಭಾರತಕ್ಕೆ 4 ವಿಕೆಟ್. ಆಟ ಒಂದು ಗಂಟೆಯೊಳಗೆ ಮುಗಿಯಿತು, ಊಟದ ವಿರಾಮ ಬರಲೇ ಇಲ್ಲ. ಕ್ರಿಸ್ ವೋಕ್ಸ್ ಒಂದು ಕೈಯನ್ನು ಜೋಳಿಗೆಯಲ್ಲಿ ಕಟ್ಟಿಕೊಂಡು ಬ್ಯಾಟ್ ಹಿಡಿದು ಇಳಿದರು, ಮೊಹಮ್ಮದ್ ಸಿರಾಜ್ ಐದನೆಯ ವಿಕೆಟ್ ಪಡೆದರು, ಬೆಂಗಳೂರಿನ ಪ್ರಸಿದ್ಧ್ ಕೃಷ್ಣ ಆ ಇನಿಂಗ್ಸ್‌ನಲ್ಲಿ ನಾಲ್ಕು ವಿಕೆಟ್ ತೆಗೆದಿದ್ದರು, ಭಾರತ 6 ರನ್‌ಗಳಿಂದ ಗೆದ್ದು ಸರಣಿ 2-2ರಲ್ಲಿ ಸಮವಾಯಿತು. ಆ ಸಂಜೆ ಪುಸ್ತಕ ಹಿಡಿದು ಕೂತಿದ್ದರೂ ಕಣ್ಣು ಸಾಲುಗಳ ಮೇಲೆ ಓಡುತ್ತಿತ್ತೇ ಹೊರತು ಕಥೆ ಒಳಗೆ ಇಳಿಯುತ್ತಿರಲಿಲ್ಲ.

ಆದ್ದರಿಂದ ಕೊನೆಯ 50 ಪುಟಗಳನ್ನು ಸರಣಿ ಮುಗಿದ ಮೇಲಿನ ಎರಡು ಮೂರು ದಿನಗಳಿಗೆ ಇಟ್ಟುಕೊಳ್ಳಿ. ಟಿವಿಗೆ ಕೆಲಸವಿಲ್ಲದ, 3.30 ಆಯಿತೇ ಎಂದು ಗಡಿಯಾರ ನೋಡುವ ಅಭ್ಯಾಸ ಇನ್ನೂ ಬಿಡದ ಆ ಸಂಜೆಗಳಲ್ಲಿ ಎರಡು ಗಂಟೆ ಒಂದೇ ಸಮನೆ ಕೂರಲು ಮೈ ಒಗ್ಗಿರುತ್ತದೆ. ಕಾದಂಬರಿ ಮುಗಿದ ಮೇಲೆ ಮುನ್ನುಡಿಯ ಕ್ಲಿಪ್ ತೆಗೆದು ಅದನ್ನೂ ಓದಿ, ಮುಂದಿನ ಪ್ರವಾಸ ಯಾವ ದೇಶಕ್ಕೆ, ಎಷ್ಟು ಪಂದ್ಯ, ನಡುವೆ ಎಷ್ಟು ದಿನ ಬಿಡುವು ಎಂದು ನೋಡಿಕೊಂಡು, ಅದಕ್ಕೆ ತಕ್ಕ ದಪ್ಪದ ಪುಸ್ತಕವನ್ನು ಅದೇ ವಾರ ತಂದಿಟ್ಟುಕೊಳ್ಳಿ.